ಯಾಣಕ್ಕೆ ಹೊರಡುವ ಮುನ್ನ

ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದು ಗಾದೆಯುಂಟು: ‘ಸೊಕ್ಕಿದ್ದವ ಯಾಣಕ್ಕೆ ಹೋಗುತ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗುತ್ತಾನೆ.’ ಗೋಕರ್ಣವು ಕ್ಷೇತ್ರ. ಅಲ್ಲಿ ಸಂಕಲ್ಪ, ಪೂಜೆ, ದಾನ, ದಕ್ಷಿಣೆ ಎಂದು ಕೈಯಲ್ಲಿ ನಾಲ್ಕು ಕಾಸು ಬೇಕು. ಯಾಣವು ಕಾಡು, ಅಲ್ಲಿಗೆ ಹೋಗತಕ್ಕವನಿಗೆ ಮೈಯಲ್ಲಿ ಕಸುವು ಬೇಕು. ಗಾದೆಯ ತಾತ್ಪರ್ಯ ಇಷ್ಟೇ. ಆದರೆ ಈಗ ಆ ಕಾಡಿನೊಳಕ್ಕೂ ರಸ್ತೆ ಬಂದಿದೆ. ಹಿಂದಿನವರು ಮೈಲಿಗಟ್ಟಲೆ ನಡೆದು ತಲುಪುತ್ತಿದ್ದ ಬಂಡೆಯ ಸಮೀಪಕ್ಕೆ ಇಂದು ಮೋಟಾರು ಹೋಗುತ್ತದೆ. ಹಾಗಾದರೆ ಗಾದೆಯ ಕಾಲ ಮುಗಿಯಿತೆಂದು ತಿಳಿಯಬಹುದೇ? ತಿಳಿಯಬಾರದೆಂದು ನಮ್ಮ ಮತ.

‘ಸೊಕ್ಕು’ ಎಂಬ ಪದವನ್ನು ಸ್ವಲ್ಪ ವಿಚಾರಿಸಿ ನೋಡೋಣ. ಹಳಗನ್ನಡದಲ್ಲಿ ಇದರ ರೂಪ ‘ಸೊರ್ಕು’. ಮದವೇರಿದ ಆನೆಗೆ ‘ಸೊರ್ಕಾನೆ’ ಎಂದು ಹೆಸರು. ಒಂದೇ ಪದದಲ್ಲಿ ಬಲವೂ ಉಂಟು, ಬಲದ ಅಮಲೂ ಉಂಟು. ರಸ್ತೆಯಿಲ್ಲದ ಕಾಲದಲ್ಲಿ ಘಟ್ಟವನ್ನು ಏರಿ ಇಳಿಯುವಷ್ಟರಲ್ಲಿ ಅಮಲೆಲ್ಲ ಬೆವರಾಗಿ ಹರಿದುಹೋಗಿ ಬಲವೊಂದೇ ಉಳಿಯುತ್ತಿತ್ತು. ಈಗ ಮೋಟಾರು ಕಾಲಿನ ಕೆಲಸವನ್ನು ವಹಿಸಿಕೊಂಡಿರುವುದರಿಂದ ಬಲದ ಅಗತ್ಯ ಕಡಮೆಯಾಯಿತು. ಅಮಲು ಮಾತ್ರ ಸವೆಯದೆ ಬಂಡೆಯ ಬುಡದವರೆಗೂ ನಮ್ಮೊಡನೆ ಬರುತ್ತದೆ. ಆದಕಾರಣ ಯಾಣದ ಪ್ರವಾಸಕ್ಕೆ ಮಾಡಬೇಕಾದ ಸಿದ್ಧತೆಯಲ್ಲಿ ಮುಖ್ಯವಾದುದು ಈ ಎರಡನೆಯ ಸೊಕ್ಕನ್ನು ಮನೆಯಲ್ಲೇ ಇಟ್ಟು ಹೊರಡುವುದು. ಅದು ಹೇಗೆಂಬುದನ್ನು ಈ ತಿಂಗಳು ಸಾವಕಾಶವಾಗಿ ಹೇಳುವೆವು.

ಮೊದಲು ಸ್ಥಳದ ಪರಿಚಯ. ಯಾಣವು ಕುಮಟಾ ತಾಲೂಕಿಗೆ ಸೇರಿದ, ಸಹ್ಯಾದ್ರಿಯ ಕಾಡಿನ ನಡುವಿನ ಸಣ್ಣ ಊರು. ಕುಮಟೆಯಿಂದ ಸುಮಾರು ೩೦ ಕಿಲೋಮೀಟರು, ಶಿರಸಿಯಿಂದ ಸುಮಾರು ೪೦ ಕಿಲೋಮೀಟರು. ಅಲ್ಲಿ ಹಸುರು ಕಾಡಿನ ಮಧ್ಯದಿಂದ ಕಪ್ಪು ಬಂಡೆಗಳು ನೆಟ್ಟಗೆ ಮೇಲೆದ್ದು ನಿಂತಿವೆ. ಅವುಗಳಲ್ಲಿ ಎರಡು ಪ್ರಸಿದ್ಧವಾದುವು. ಭೈರವೇಶ್ವರ ಶಿಖರದ ಎತ್ತರ ೧೨೦ ಮೀಟರು, ಎಂದರೆ ಸುಮಾರು ೩೯೦ ಅಡಿ. ಮೋಹಿನಿ ಶಿಖರದ್ದು ೯೦ ಮೀಟರು, ಸುಮಾರು ೩೦೦ ಅಡಿ. ಅಂಕಿ ಓದಿದರೆ ಎತ್ತರ ಮನಸ್ಸಿಗೆ ಹಿಡಿಯುವುದಿಲ್ಲ. ಶ್ರವಣಬೆಳಗೊಳದ ಗೊಮ್ಮಟನನ್ನು ಕಂಡವರು ನಮ್ಮಲ್ಲಿ ಬಹಳ ಮಂದಿ ಇದ್ದಾರಷ್ಟೆ. ಅಂಥ ಗೊಮ್ಮಟರು ಆರೇಳು ಮಂದಿ ಒಬ್ಬರ ಹೆಗಲಮೇಲೊಬ್ಬರು ನಿಂತರೆ ಭೈರವೇಶ್ವರ ಶಿಖರದ ತುದಿಗೆ ಹತ್ತಿರವಾಗುತ್ತದೆ. ಈ ಶಿಖರದ ಒಡಲಿನಲ್ಲಿಯೇ ಒಂದು ಗುಹೆ. ಗುಹೆಯಲ್ಲಿ ಸ್ವಯಂಭೂ ಲಿಂಗ. ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಜತೆಗೆ ಚಂಡಿಕಾ ದೇವಿಯ ಕಂಚಿನ ಮೂರ್ತಿಯೂ ಇದೆ. ಸಮೀಪದಲ್ಲಿ ಹರಿಯುವ ಚಂಡಿಹೊಳೆಯು ಮುಂದೆ ಅಘನಾಶಿನಿಯನ್ನು ಕೂಡುತ್ತದೆ. ಅಘವೆಂದರೆ ಪಾಪ, ಅದನ್ನು ನಾಶಮಾಡತಕ್ಕವಳು ಅಘನಾಶಿನಿ.

ಸ್ಥಳದ ಕಥೆ ಎಲ್ಲರೂ ಬಲ್ಲದ್ದೇ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗಲಿ ಎಂಬ ವರವನ್ನು ಶಿವನಿಂದ ಪಡೆದ ಭಸ್ಮಾಸುರನು ಅದನ್ನು ಶಿವನ ಮೇಲೆಯೇ ಪರೀಕ್ಷಿಸಲು ಹೊರಟನು. ವಿಷ್ಣು ಮೋಹಿನಿಯಾಗಿ ಬಂದು ಕುಣಿದು, ತಾನು ಕುಣಿದಂತೆ ಅವನನ್ನೂ ಕುಣಿಸಿ, ಕೊನೆಗೆ ಅವನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸಿದಳು. ಆ ಬೂದಿಯಿಂದಲೇ ಇಲ್ಲಿಯ ಮಣ್ಣು ಕಪ್ಪಾಯಿತೆಂದೂ, ದೊಡ್ಡ ಶಿಖರವು ಶಿವನೆಂದೂ, ಚಿಕ್ಕದು ಮೋಹಿನಿಯೆಂದೂ ಜನರು ಹೇಳುತ್ತಾರೆ. ಭಾಗವತವನ್ನು ಬಲ್ಲವರಿಗೆ ಇಲ್ಲೊಂದು ಸ್ವಾರಸ್ಯವುಂಟು. ದಶಮಸ್ಕಂಧದ ೮೮ನೆಯ ಅಧ್ಯಾಯದಲ್ಲಿ ಈ ಕಥೆ ಬರುತ್ತದೆ. ಆದರೆ ಅಲ್ಲಿ ಅಸುರನ ಹೆಸರು ವೃಕ. ಬರುವವಳು ಮೋಹಿನಿಯಲ್ಲ, ಬ್ರಹ್ಮಚಾರಿ ವಟುವಿನ ವೇಷದ ನಾರಾಯಣ. ಕುಣಿತವೂ ಇಲ್ಲ; ‘ಆ ವರವನ್ನು ನಂಬುವುದುಂಟೇ, ನಿನ್ನ ತಲೆಯ ಮೇಲೆಯೇ ಕೈಯಿಟ್ಟು ನೋಡು’ ಎಂಬ ಅರ್ಥದ ಮಾತೊಂದೇ ಸಾಕಾಗುತ್ತದೆ. ಕರಾವಳಿಯ ಯಕ್ಷಗಾನದ ಮೇಳಗಳಲ್ಲಿ ಕುಣಿದು ಮೆರೆದವಳು ಮೋಹಿನಿಯೇ. ಎರಡು ಕಥೆಗಳಲ್ಲಿಯೂ ಅಸುರನನ್ನು ಸುಟ್ಟದ್ದು ಅವನ ಕೈಯೇ, ಅವನ ಸೊಕ್ಕೇ. ಮಕ್ಕಳಿಗೆ ಎರಡನ್ನೂ ಹೇಳಿರಿ. ಆದರೆ ‘ಯಾನ’ವೆಂಬ ಸಂಸ್ಕೃತ ಪದದಿಂದಲೇ ಯಾಣವೆಂಬ ಹೆಸರು ಬಂದಿತೆಂದು ಯಾರಾದರೂ ಹೇಳಿದರೆ ಒಡನೆ ಒಪ್ಪಬೇಡಿರಿ. ಕಿವಿಗೆ ಹೊಂದಿದ ಮಾತ್ರಕ್ಕೆ ವ್ಯುತ್ಪತ್ತಿಯಾಗುವುದಿಲ್ಲ.

ಬಂಡೆಯ ಹುಟ್ಟನ್ನು ಕುರಿತು ವಿಜ್ಞಾನವು ಹೇಳುವ ಮಾತೂ ಕಥೆಯಷ್ಟೇ ರಮ್ಯವಾದುದು. ಕಾಣಲು ಕಪ್ಪಾದರೂ ಇದು ಸ್ಫಟಿಕರೂಪದ ಸುಣ್ಣದ ಕಲ್ಲು. ನಾವು ವೀಳ್ಯಕ್ಕೆ ಹಚ್ಚುವ ಸುಣ್ಣದ ಮೂಲ ಬಂಧು. ಮಳೆಯ ನೀರು ಗಾಳಿಯಿಂದಲೂ ಕೊಳೆತ ಎಲೆಗಳ ಮಣ್ಣಿನಿಂದಲೂ ಇಂಗಾಲಾಮ್ಲ ವಾಯುವನ್ನು, ಎಂದರೆ ನಮ್ಮ ನಿಶ್ವಾಸದಲ್ಲಿರುವ ಅದೇ ವಾಯುವನ್ನು, ಹೀರಿಕೊಂಡು ಅತ್ಯಲ್ಪ ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲಿನ ಬಿರುಕುಗಳಲ್ಲಿ ಇಳಿದು ಕಲ್ಲನ್ನು ಎಳೆಎಳೆಯಾಗಿ ಕರಗಿಸುತ್ತದೆ. ಬಿರುಕು ಸೀಳಾಗಿ, ಸೀಳು ಗುಹೆಯಾಗಿ, ಕರಗದೆ ಉಳಿದ ಭಾಗ ಶಿಖರವಾಗಿ ನಿಲ್ಲುತ್ತದೆ. ಮನೆಯಲ್ಲಿಯೇ ಇದನ್ನು ಮಕ್ಕಳಿಗೆ ತೋರಿಸಬಹುದು. ಸಮುದ್ರತೀರದ ಒಂದು ಚಿಪ್ಪನ್ನು ತಟ್ಟೆಯಲ್ಲಿಟ್ಟು ಅದರ ಮೇಲೆ ನಿಂಬೆಹಣ್ಣಿನ ರಸವನ್ನು ಹಿಂಡಿರಿ. ಸಣ್ಣ ಸಣ್ಣ ಗುಳ್ಳೆಗಳೇಳುವುವು. ಚಿಪ್ಪೂ ಸುಣ್ಣದ್ದೇ, ಕರಾವಳಿಯಲ್ಲಿ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದುಂಟು. ತಟ್ಟೆಯಲ್ಲಿ ಒಂದು ಗಳಿಗೆಯಲ್ಲಿ ಕಂಡದ್ದನ್ನು ಮಳೆಯು ಯಾಣದಲ್ಲಿ ಮಾನವನ ಲೆಕ್ಕಕ್ಕೆ ಸಿಕ್ಕದ ಕಾಲದಿಂದ ಮಾಡುತ್ತ ಬಂದಿದೆ. ಹೊರಡುವುದಕ್ಕೆ ಒಂದು ವಾರ ಮೊದಲು ಈ ಪ್ರಯೋಗ ಮಾಡಿದರೆ ಮಕ್ಕಳು ಬಂಡೆಯನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಇನ್ನು ಕಾಲದ ವಿಚಾರ. ಜೂನಿನಿಂದ ಸೆಪ್ಟೆಂಬರಿನವರೆಗೆ ಮನೆಮಂದಿಯೊಡನೆ ಹೋಗಬಾರದು. ಆ ದಿನಗಳಲ್ಲಿ ದಾರಿ ಜಾರುತ್ತದೆ, ಉಂಬಳಗಳು ಕಾಲಿಗೆ ಹತ್ತುತ್ತವೆ, ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯುವ ಭಯವಿರುತ್ತದೆ. ನೆರೆಯ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ೨೦೨೪ನೆಯ ಇಸವಿ ಜುಲೈ ೧೬ರಂದು ಗುಡ್ಡವು ಹೆದ್ದಾರಿಯ ಮೇಲೆ ಕುಸಿದು, ದಾರಿಯ ಬದಿಯಲ್ಲಿದ್ದವರು ಪ್ರಾಣ ಕಳೆದುಕೊಂಡುದನ್ನು ನಾಡೆಲ್ಲ ಕಂಡಿತು. ‘ಮಳೆಗಾಲದ ಚೆಲುವೇ ಬೇರೆ’ ಎನ್ನುವ ತರುಣರಿರುತ್ತಾರೆ. ಚೆಲುವೇನೋ ನಿಜ; ಆದರೆ ಅಜ್ಜಿಯನ್ನೂ ಹಸುಗೂಸನ್ನೂ ಕರೆದುಕೊಂಡು ಆ ಚೆಲುವನ್ನು ಹುಡುಕುವುದು ವಿವೇಕವಲ್ಲ. ಮಹಾಶಿವರಾತ್ರಿಯಲ್ಲಿ ಅಲ್ಲಿ ಜಾತ್ರೆ. ಯಾಣದಲ್ಲಿ ಪೂಜೆ ಮುಗಿಸಿ ಅಲ್ಲಿಯ ತೀರ್ಥವನ್ನು ಗೋಕರ್ಣದ ಮಹಾಬಲೇಶ್ವರನ ಅಭಿಷೇಕಕ್ಕೆ ಒಯ್ಯುವ ಪದ್ಧತಿಯೂ ಉಂಟು. ಗಾದೆ ಬೇರ್ಪಡಿಸಿದ ಎರಡು ಸ್ಥಳಗಳನ್ನು ಭಕ್ತಿ ಹೀಗೆ ಕೂಡಿಸಿದೆ. ಭಕ್ತಿಯಿಂದ ಹೋಗುವವರಿಗೆ ಅದು ಪರ್ವಕಾಲ. ಬಂಡೆಯನ್ನು ಶಾಂತವಾಗಿ ನೋಡಬೇಕೆನ್ನುವವರಿಗೆ ಮಾತ್ರ ಜನಸಂದಣಿ ಹೆಚ್ಚು. ನಮ್ಮ ಎಣಿಕೆಯಲ್ಲಿ ಕಾರ್ತಿಕ, ಮಾರ್ಗಶಿರ ಮಾಸಗಳು ಉತ್ತಮ. ಮಳೆ ನಿಂತಿರುತ್ತದೆ, ಹಸುರು ಮಾಸಿರುವುದಿಲ್ಲ, ಹಳ್ಳಗಳಲ್ಲಿ ನೀರಿರುತ್ತದೆ.

ದಾರಿಗೆ ಎರಡು ಬಗೆ. ಬೆಂಗಳೂರಿನ ಕಡೆಯವರು ಕಾರವಾರದ ರೈಲಿನಲ್ಲಿ ರಾತ್ರಿ ಕುಳಿತು ಕುಮಟೆಯಲ್ಲಿ ಇಳಿಯಬಹುದು. ಹುಬ್ಬಳ್ಳಿ ಧಾರವಾಡಗಳವರಿಗೆ ಶಿರಸಿ ಅನುಕೂಲ. ಅಲ್ಲಿಗೆ ರೈಲಿಲ್ಲ, ಮೋಟಾರಿನಲ್ಲಿಯೇ ಬರಬೇಕು. ಯಾವ ಕಡೆಯಿಂದ ಬಂದರೂ ಹಿಂದಿನ ರಾತ್ರಿ ಪಟ್ಟಣದಲ್ಲಿ ತಂಗಿ, ಬೆಳಗ್ಗೆ ಬೇಗನೆ ಹೊರಡತಕ್ಕದ್ದು. ಎಣ್ಣೆಯನ್ನು ಪಟ್ಟಣದಲ್ಲಿಯೇ ತುಂಬಿಸಿಕೊಳ್ಳಬೇಕು. ಕಾಡಿನಲ್ಲಿ ಮೊಬೈಲು ಕೈಕೊಡುವುದುಂಟಾದ್ದರಿಂದ ‘ಇಷ್ಟು ಜನ ಹೋಗುತ್ತೇವೆ, ಇಷ್ಟು ಹೊತ್ತಿಗೆ ಹಿಂದಿರುಗುತ್ತೇವೆ’ ಎಂದು ತಂಗಿದ ಮನೆಯವರಿಗಾಗಲಿ ವಸತಿಗೃಹದವರಿಗಾಗಲಿ ತಿಳಿಸಿ ಹೋಗುವುದು ಒಳ್ಳೆಯದು. ಮರಗಳ ನೆರಳಿನಲ್ಲಿ ಸಂಜೆ ಬೇಗ ಕವಿಯುತ್ತದೆ. ನಾಲ್ಕು ಗಂಟೆಗೆ ಹಿಂದಿರುಗುವ ದಾರಿ ಹಿಡಿದಿರಬೇಕು. ವಾಹನ ನಡೆಸುವವನಿಗೂ ಹಸಿವು, ನಿದ್ರೆ ಉಂಟೆಂಬುದನ್ನು ಯಜಮಾನರು ಮರೆಯಬಾರದು. ಘಟ್ಟದ ತಿರುವುಗಳಲ್ಲಿ ನಮ್ಮೆಲ್ಲರ ಪ್ರಾಣ ಅವನ ಕೈಯಲ್ಲಿರುತ್ತದೆ.

ಈಗ ಅತಿ ಮುಖ್ಯವಾದ ಪ್ರಶ್ನೆ: ಯಾರು ಯಾರು ಹೋಗಬೇಕು? ವಾಹನ ನಿಂತ ಮೇಲೂ ಕಾಡಿನ ಹಾದಿಯಲ್ಲಿ ಸ್ವಲ್ಪ ದೂರ ನಡೆಯಬೇಕು. ಕೊನೆಯಲ್ಲಿ ಮೆಟ್ಟಿಲುಗಳನ್ನು ಏರಬೇಕು. ತರುಣರಿಗೆ ಇದು ಆಟ. ಮಂಡಿ ನೋವಿನವರಿಗೂ ಎದೆಯ ರೋಗದವರಿಗೂ ಆಟವಲ್ಲ. ನಮ್ಮ ಪರಿಚಯದ ಮನೆಯವರೊಬ್ಬರು ಎಪ್ಪತ್ತು ಮೀರಿದ ತಾಯಿಯನ್ನು ಕರೆದುಕೊಂಡು ಹೋಗಿದ್ದರು. ಆಕೆ ಕೇಳಿದಾಗಲೆಲ್ಲ ಮಗನು, ‘ಇನ್ನೇನು ಬಂತಮ್ಮಾ, ಹತ್ತು ಹೆಜ್ಜೆ’ ಎನ್ನುತ್ತ ಹೋದನು. ಹತ್ತು ಹೆಜ್ಜೆ ನೂರಾದುವು, ನೂರು ಮುನ್ನೂರಾದುವು. ಮೆಟ್ಟಿಲ ನಡುವೆ ಆಕೆ ಕುಳಿತುಬಿಟ್ಟರು. ಮೇಲೇರಲೂ ಆಗದು, ಒಬ್ಬರೇ ಇಳಿಯಲೂ ಆಗದು. ಮನೆಗೆ ಬಂದಮೇಲೆ ಆಕೆ ಆಡಿದ ಮಾತು ಇದು: ‘ದಾರಿ ಎಷ್ಟೆಂದು ಮೊದಲೇ ಹೇಳಿದ್ದರೆ ಕುಮಟೆಯಲ್ಲೇ ಉಳಿಯುತ್ತಿದ್ದೆ, ಇಲ್ಲವೇ ಕೋಲು ಹಿಡಿದು ನನ್ನ ಪಾಡಿಗೆ ನಿಧಾನವಾಗಿ ಬರುತ್ತಿದ್ದೆ. ಎರಡರಲ್ಲಿ ಒಂದನ್ನು ನಾನೇ ಆರಿಸಿಕೊಳ್ಳುತ್ತಿದ್ದೆನಪ್ಪಾ. ನೀನು ನನ್ನ ಕಾಲನ್ನು ನೋಡಿದೆ, ನನ್ನ ಬುದ್ಧಿಯನ್ನು ಕೇಳಲಿಲ್ಲ.’

ಈ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಮಗನು ಕೆಟ್ಟವನಲ್ಲ, ತಾಯಿಗೆ ಭೈರವೇಶ್ವರನ ದರ್ಶನ ಮಾಡಿಸಬೇಕೆಂಬ ಪ್ರೀತಿಯಿಂದಲೇ ಸುಳ್ಳಾಡಿದನು. ಆದರೆ ಹಿರಿಯರ ಪರವಾಗಿ ನಾವೇ ನಿಶ್ಚಯಿಸುವ ಪ್ರೀತಿಯಲ್ಲಿಯೂ ಒಂದು ಬಗೆಯ ಸೊಕ್ಕು ಸೇರಿಕೊಂಡಿರುತ್ತದೆ. ‘ನಿಮ್ಮಿಂದಾಗದು, ಮನೆಯಲ್ಲಿರಿ’ ಎನ್ನುವುದೂ ಅದೇ, ‘ಏನೂ ಇಲ್ಲ, ಬನ್ನಿ’ ಎನ್ನುವುದೂ ಅದೇ. ಇದ್ದದ್ದನ್ನು ಇದ್ದಂತೆ ಹೇಳಿ ತೀರ್ಮಾನವನ್ನು ಅವರಿಗೇ ಬಿಡುವುದು ಧರ್ಮ. ಬರುವೆನೆಂದರೆ ತಂಡದಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಬೇಕು. ಅವರು ನಡುದಾರಿಯಲ್ಲಿ ಕುಳಿತರೆ ಜತೆಯಲ್ಲಿ ಯಾರು ಕುಳಿತಿರಬೇಕೆಂಬುದನ್ನು ಮನೆಯಲ್ಲಿಯೇ ಗೊತ್ತುಮಾಡಿರಬೇಕು. ಆ ಸರದಿ ಸದಾ ಸೊಸೆಯ ಪಾಲಿಗೇ ಬೀಳಬಾರದು. ಗಂಡಸರೂ ಒಂದು ಗಂಟೆ ಕೆಳಗೆ ಕುಳಿತು ಹೆಂಗಸರು ನೆಮ್ಮದಿಯಾಗಿ ನೋಡಿಬರಲೆಂದು ಕಾಯಲಿ. ಬರುವುದಿಲ್ಲವೆಂದ ಹಿರಿಯರಿಗೆ ಕುಮಟೆಯಲ್ಲಾಗಲಿ ಗೋಕರ್ಣದಲ್ಲಾಗಲಿ ಅನುಕೂಲವಾದ ಬಿಡಾರವನ್ನೂ, ಹೊತ್ತಿಗೆ ಊಟವನ್ನೂ, ಮಾತಿಗೆ ಒಬ್ಬರನ್ನೂ ಏರ್ಪಡಿಸದೆ ಹೊರಡಬಾರದು.

ಕಾಡಿನಲ್ಲಿ ಎಚ್ಚರದಿಂದಿರಬೇಕಾದ ವಿಷಯಗಳು ಎರಡುಂಟು. ಒಂದನೆಯದು ಹೆಜ್ಜೇನು. ಶಿಖರಗಳ ಗೋಡೆಗಳಲ್ಲಿ ದೊಡ್ಡ ದೊಡ್ಡ ಹುಟ್ಟಿಗಳು ತೂಗುತ್ತಿರುತ್ತವೆ. ಅವುಗಳ ಪಾಡಿಗೆ ಬಿಟ್ಟರೆ ಅವು ನಮ್ಮ ಪಾಡಿಗೆ ಬಿಡುತ್ತವೆ. ಹೊಗೆ, ಕಲ್ಲೆಸೆತ, ಕೂಗಾಟ, ಹಾರುವ ಛಾಯಾಚಿತ್ರಯಂತ್ರ, ಘಾಟಾದ ಸುಗಂಧದ್ರವ್ಯ, ಇವು ಯಾವುವೂ ಕೂಡದು. ಒಂದು ವೇಳೆ ಎದ್ದುಬಂದರೆ ಕೈಬೀಸದೆ, ಸೆರಗಿನಿಂದಲೋ ಪಂಚೆಯಿಂದಲೋ ಮುಖವನ್ನು ಮುಚ್ಚಿಕೊಂಡು, ಮಕ್ಕಳನ್ನು ಮುಂದಿಟ್ಟುಕೊಂಡು ಬೇಗನೆ ದೂರ ಹೋಗಬೇಕು. ಚುಚ್ಚಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಉಸಿರು ಕಟ್ಟಿದರೆ, ಮುಖ ಊದಿಕೊಂಡರೆ, ಅಥವಾ ಬಹಳ ಹುಳುಗಳು ಕಚ್ಚಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ಮಂಗನ ಕಾಯಿಲೆ. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಈ ಜ್ವರವು ಉತ್ತರ ಕನ್ನಡದಲ್ಲಿಯೂ ಕಾಣಿಸಿಕೊಂಡಿದೆ. ಇದನ್ನು ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಬಾಧೆ ಹೆಚ್ಚು. ಹೊರಡುವ ಮುನ್ನ ಆ ಕಡೆಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಸಮೀಪದಲ್ಲಿ ಮಂಗಗಳು ಸತ್ತ ಸುದ್ದಿಯಿದ್ದರೆ ಪ್ರವಾಸವನ್ನು ಮುಂದೂಡಬೇಕು. ಬಂಡೆಯು ಎಲ್ಲಿಗೂ ಓಡಿಹೋಗುವುದಿಲ್ಲ. ತೋಳು ಕಾಲುಗಳು ಮುಚ್ಚುವಂತೆ ಉಡುಪು ಧರಿಸಿ, ಒಣಗಿದ ಎಲೆಗಳ ಮೇಲೆ ಕೂರದೆ, ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಮಿಂದು, ತೊಟ್ಟ ಬಟ್ಟೆಗಳನ್ನು ಬಿಸಿನೀರಿಗೆ ಹಾಕತಕ್ಕದ್ದು. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಬುತ್ತಿಯ ವಿಚಾರದಲ್ಲಿ ಗೃಹಿಣಿಯರಿಗೆ ನಾವು ಹೇಳತಕ್ಕದ್ದೇನೂ ಇಲ್ಲ. ಮೊಸರನ್ನ, ಅವಲಕ್ಕಿ, ಬಾಳೆಹಣ್ಣು, ಕುದಿಸಿ ಆರಿಸಿದ ನೀರು, ಇಷ್ಟು ಸಾಕು. ಶಿರಸಿಯ ಕಡೆಯಿಂದ ಬರುವವರು ತೊಡದೇವನ್ನು ಕಟ್ಟಿಕೊಂಡರೆ ಮಕ್ಕಳಿಗೆ ಹಬ್ಬ. ಆದರೆ ತಿಂದು ಉಳಿದ ಎಲೆ, ಕಾಗದ, ಪ್ಲಾಸ್ಟಿಕಿನ ಚೀಲ ಸೀಸೆಗಳನ್ನೆಲ್ಲ ತುಂಬಲು ಒಂದು ಬಟ್ಟೆಯ ಚೀಲವನ್ನು ಪ್ರತ್ಯೇಕವಾಗಿ ಒಯ್ಯಬೇಕು. ತುಂಬಿದ ಚೀಲವು ಮನೆಗೆ ಹಿಂದಿರುಗಬೇಕು. ಅಲ್ಲಿಯ ಕೆಲವೇ ಮನೆಗಳವರು ನಮ್ಮ ಆಳುಗಳಲ್ಲ, ಅವರ ಅಂಗಳ ನಮ್ಮ ಛತ್ರವಲ್ಲ. ನೀರು ಬೇಕಾದರೆ ಬೇಲಿಯ ಹೊರಗೆ ನಿಂತು, ‘ಅಮ್ಮಾ, ಸ್ವಲ್ಪ ನೀರು ಕೊಡುವಿರಾ?’ ಎಂದು ಕೇಳಿದರೆ ಆ ನಾಡಿನವರು ಬೆಲ್ಲವನ್ನೂ ಕೂಡಿಸಿಯೇ ಕೊಟ್ಟಾರು.

ದೇವಾಲಯದ ಬಳಿ ಪಾದರಕ್ಷೆಗಳನ್ನು ಕಳಚಿ ಬರಿಗಾಲಿನಲ್ಲಿ ಬಂಡೆಯ ಸೀಳಿನೊಳಗೆ ಸುತ್ತಿಬರುವುದು ರೂಢಿ. ಎರಡು ಕಡೆಯೂ ಗೋಡೆಯಂತೆ ಎದ್ದ ಕಲ್ಲು, ಮೇಲೆ ಒಂದು ಪಟ್ಟಿಯಷ್ಟು ಆಕಾಶ, ಕಾಲಕೆಳಗೆ ತಣ್ಣನೆಯ ನೆಲ. ಅಲ್ಲಿ ಮಕ್ಕಳಿಗೆ ಐದು ನಿಮಿಷ ಸುಮ್ಮನಿರಲು ಹೇಳಿರಿ. ನೀರು ತೊಟ್ಟಿಕ್ಕುವ ಸದ್ದನ್ನು ಎಣಿಸಲಿ. ಒಂದೊಂದು ಹನಿಯೂ ಕಾಣದಷ್ಟು ಸುಣ್ಣವನ್ನು ಕರಗಿಸಿಕೊಂಡು ಬಂದಿರುತ್ತದೆ. ಅಂಥ ಕಲ್ಲಿನ ಮೇಲೆ ಮೊಳೆಯಿಂದ ತಮ್ಮ ಹೆಸರನ್ನು ಕೆತ್ತುವವರಿದ್ದಾರೆ. ನಲವತ್ತು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ ನಾವು ಇದಕ್ಕಿಂತ ದುಃಖಕರವಾದ ಅಕ್ಷರಾಭ್ಯಾಸವನ್ನು ಕಾಣೆವು. ಕಪ್ಪುಹಲಗೆಯ ಮೇಲೆ ತಪ್ಪಾಗಿ ಬರೆದದ್ದನ್ನು ಒರಸಬಹುದು. ಈ ಹಲಗೆಯನ್ನು ಒರಸುವ ಬಟ್ಟೆ ಯಾರ ಬಳಿಯಲ್ಲಿಯೂ ಇಲ್ಲ. ನಿಮ್ಮ ಮಕ್ಕಳ ಕೈಯಲ್ಲಿ ಮೊಳೆಯ ಬದಲು ಒಂದು ಸಣ್ಣ ಪುಸ್ತಕವನ್ನೂ ಸೀಸದ ಕಡ್ಡಿಯನ್ನೂ ಕೊಡಿರಿ. ಬಂಡೆಯ ಆಕಾರವನ್ನು ತೋಚಿದಂತೆ ಗೀಚಲಿ, ಕಂಡ ಹಕ್ಕಿಯನ್ನು ಬರೆದುಕೊಳ್ಳಲಿ, ಹತ್ತಿದ ಮೆಟ್ಟಿಲುಗಳನ್ನು ಎಣಿಸಿ ಗುರುತುಹಾಕಿಕೊಳ್ಳಲಿ.

ಆ ಮೆಟ್ಟಿಲುಗಳ ಲೆಕ್ಕವನ್ನು ಹಿಂದಿರುಗಿದ ಮೇಲೆ ನೆರೆಮನೆಯ ಹಿರಿಯರಿಗೆ ಸರಿಯಾಗಿ ಹೇಳಿದರೆ, ಮುಂದೆ ಹೊರಡುವ ಇನ್ನೊಂದು ಮನೆಯಲ್ಲಿ ಯಾರೂ ‘ಹತ್ತು ಹೆಜ್ಜೆ’ ಎಂದು ಹೇಳಬೇಕಾಗುವುದಿಲ್ಲ. ವಾಚಕರ ಯಾತ್ರೆಯು ಸುಖಕರವಾಗಲಿ.